ನಮ್ಮದೇ ಡಿಎನ್‌ಎ ಕಂಡು ಬೆಚ್ಚುವ ಚರ್ಮ

(ಸಾರ್ವಜನಿಕ ವಿಜ್ಞಾನ ಉಪನ್ಯಾಸವೊಂದರ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸೋರಿಯಾಸಿಸ್ ಇರುವವರ ಮೊಣಕೈ ಮೇಲೆ, ಮೊಣಕಾಲ ಮೇಲೆ ಬೆಳ್ಳಗಿನ ಹಕ್ಕಳೆ ಕಟ್ಟಿರುವುದನ್ನು ನೀವು ನೋಡಿರುತ್ತೀರಿ. ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ. ಆ ಹಕ್ಕಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ.

ನಮ್ಮೆಲ್ಲರ ಚರ್ಮದ ಮೇಲ್ಪದರ ಸತ್ತ ಕೋಶಗಳದ್ದೇ. ಕೆಳಗೆ ಹುಟ್ಟಿದ ಕೋಶ ನಿಧಾನವಾಗಿ ಮೇಲೆ ಬರುತ್ತದೆ. ಬರುವಷ್ಟರಲ್ಲಿ ತನ್ನ ನ್ಯೂಕ್ಲಿಯಸ್ಸನ್ನು, ಅದರೊಳಗಿನ ಡಿಎನ್‌ಎಯನ್ನು ತಾನೇ ಅರಗಿಸಿ ಮುಗಿಸಿರುತ್ತದೆ. ಕೊನೆಗೆ ಉಳಿಯುವುದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಸಿಪ್ಪೆ, ಅಷ್ಟೇ. ಸೋರಿಯಾಸಿಸ್ ಹಕ್ಕಳೆಯಲ್ಲಿ ಹಾಗಾಗುವುದಿಲ್ಲ. ಸುಮಾರು ನಾಲ್ಕು ವಾರ ತೆಗೆದುಕೊಳ್ಳಬೇಕಾದ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಅರಗಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಹಾಗಾಗಿ ಮೇಲ್ಪದರದಲ್ಲೂ ನ್ಯೂಕ್ಲಿಯಸ್ಸುಗಳು ಚುಕ್ಕೆ ಚುಕ್ಕೆಯಾಗಿ ಉಳಿದಿರುತ್ತವೆ. ಚರ್ಮದ ತುಣುಕು ಪರೀಕ್ಷೆ ಮಾಡುವ ವೈದ್ಯರು ಇದನ್ನು ಪ್ಯಾರಾಕೆರಟೋಸಿಸ್ ಅನ್ನುತ್ತಾರೆ.

ರೋಗ ಬರುವುದೇ ಇದರಿಂದ ಅಂತ ನಾನು ಹೇಳುತ್ತಿಲ್ಲ. ಇದು ಅವಸರದ ಬೆಳವಣಿಗೆಯ ಪರಿಣಾಮ. ಆದರೆ ಒಂದು ಮಾತನ್ನು ಇದು ನೆನಪಿಸುತ್ತದೆ. ಚರ್ಮ ಅಂದರೆ ದಿನವೂ ಕೋಶಗಳು ಸಾಯುವ ಜಾಗ. ಗೀರು, ಪೆಟ್ಟು, ಬಿಸಿಲು ಎಲ್ಲ ಮೊದಲು ತಾಗುವುದು ಅಲ್ಲಿಗೇ. ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಸುತ್ತಿಟ್ಟಿದೆ. ಕೋಶ ಒಡೆದರೆ ಅದು ಹೊರಗೆ ಬೀಳುತ್ತದೆ. ಬಿದ್ದದ್ದನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಏನೆಂದು ತಿಳಿಯುತ್ತದೆ? ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಡಿಎನ್‌ಎ ಮೊದಲು ಸಿಕ್ಕಿದ್ದೇ ಕೀವಿನಲ್ಲಿ, ಗೊತ್ತಾ? 1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ಸ್ವಿಸ್ ಯುವಕ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ್ದ ಬಟ್ಟೆಗಳನ್ನು ತರಿಸಿಕೊಂಡ. ಕೀವನ್ನು ತೊಳೆದು ತೆಗೆದ. ಅದರಲ್ಲಿದ್ದ ಬಿಳಿ ರಕ್ತಕಣಗಳ ನ್ಯೂಕ್ಲಿಯಸ್ಸಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಅದೇ ಮುಂದೆ ಡಿಎನ್‌ಎ ಅನ್ನಿಸಿಕೊಂಡಿತು. 1908ರ ನೊಬೆಲ್ ಭಾಷಣದಲ್ಲಿ ರೋಗನಿರೋಧಕ ವಿಜ್ಞಾನಿ ಮೆಚ್ನಿಕಾಫ್ ಇನ್ನೊಂದು ಸಂಗತಿ ಹೇಳಿದರು. ಆಗಿನ ಕೆಲವು ಸರ್ಜನ್‌ಗಳು ಹೊಟ್ಟೆಯೊಳಗೆ ಡಿಎನ್‌ಎ ಜಾತಿಯ ನ್ಯೂಕ್ಲಿಯಿಕ್ ಆಮ್ಲದಂಥ ದ್ರವಗಳನ್ನು ಬಿಟ್ಟು, ಸೋಂಕು ತಡೆಯಲು ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರಂತೆ. ವಂಶವಾಹಿ ಇರುವುದು ಡಿಎನ್‌ಎಯಲ್ಲಿ ಎಂದು ಏವರಿ ತಂಡ ತೋರಿಸಿದ್ದು 1944ರಲ್ಲಿ. ಅಂದರೆ ಡಿಎನ್‌ಎ ಜಾತಿಯ ವಸ್ತು ಉರಿಯೂತ ಎಬ್ಬಿಸುತ್ತದೆ ಅನ್ನುವುದು ಅದು ಏನೆಂದು ತಿಳಿಯುವ ಮೊದಲೇ ಗೊತ್ತಿತ್ತು. ಆಮೇಲೆ ಬಹಳ ಕಾಲ ಅದರ ಬಗ್ಗೆ ಹೆಚ್ಚು ಮಂದಿ ತಲೆ ಕೆಡಿಸಿಕೊಳ್ಳಲಿಲ್ಲ.

ಇಂಥದ್ದೊಂದು ಅಪಾಯದ ಏರ್ಪಾಡು ದೇಹಕ್ಕೆ ಯಾಕೆ ಬೇಕು? ವೈರಸ್‌ಗಾಗಿ. ಬ್ಯಾಕ್ಟೀರಿಯಾವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಅದರ ಹೊರಗೋಡೆಯಲ್ಲಿ ನಮ್ಮಲ್ಲಿ ಇಲ್ಲದ ವಸ್ತುಗಳಿವೆ. ವೈರಸ್ ಹಾಗಲ್ಲ. ಅದು ತಯಾರಾಗುವುದು ನಮ್ಮ ಕೋಶದೊಳಗೆ, ನಮ್ಮದೇ ಸಾಮಾನಿನಿಂದ. ಅದು ಕಡ್ಡಾಯವಾಗಿ ಹೊತ್ತು ತರಲೇಬೇಕಾದದ್ದು ಒಂದೇ, ಅದರ ಡಿಎನ್‌ಎ ಅಥವಾ ಆರ್‌ಎನ್‌ಎ. ಹಿಡಿಯಬೇಕಾದರೆ ಅದನ್ನೇ ಹಿಡಿಯಬೇಕು. ತೊಂದರೆ ಏನೆಂದರೆ ನಮ್ಮಲ್ಲಿರುವುದೂ ಅದೇ ಅಣು. ಅವೇ ನಾಲ್ಕು ಅಕ್ಷರ.

ಇದಕ್ಕೆ ದೇಹ ಕಂಡುಕೊಂಡ ದಾರಿ ನಮ್ಮ ಮನೆಗಳ ರೂಢಿಯ ಹಾಗಿದೆ. ಚಪ್ಪಲಿ ಬಾಗಿಲ ಹೊರಗಿದ್ದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಅದೇ ಚಪ್ಪಲಿ ದೇವರ ಮನೆಯಲ್ಲಿ ಕಂಡರೆ ಮನೆಯೆಲ್ಲ ಗಲಾಟೆ. ಯಾರ ಚಪ್ಪಲಿ ಅನ್ನುವುದು ಆಮೇಲಿನ ಮಾತು. ದೇಹವೂ ಬಹುಪಾಲು ಹೀಗೆಯೇ ತೀರ್ಮಾನ ಮಾಡುತ್ತದೆ. ಯಾರದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ನೋಡುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದೇ. ಇವತ್ತು ಹೇಳುವ ಚರ್ಮರೋಗಗಳಲ್ಲಿ ಡಿಎನ್‌ಎ ಕೆಟ್ಟಿರಬೇಕು, ಹೊರಗಿನದಾಗಿರಬೇಕು ಅಂತಿಲ್ಲ. ಅದು ಇರಬಾರದ ಕಡೆ ಇರುತ್ತದೆ.

ಸ್ವಲ್ಪ ವಿವರಕ್ಕೆ ಹೋಗೋಣ. ಡಿಎನ್‌ಎಯನ್ನು ಗುರುತಿಸುವ ಟಿಎಲ್‌ಆರ್9 ಎಂಬ ಪ್ರೋಟೀನನ್ನು 2000ದಲ್ಲಿ ಜಪಾನಿನ ಶಿಜುವೋ ಅಕಿರಾ ತಂಡ ತೋರಿಸಿಕೊಟ್ಟಿತು. ಇದು ಕೋಶದ ಹೊರಮೈ ಮೇಲೆ ಇರುವುದಿಲ್ಲ. ಹೊರಗಿನದನ್ನು ನುಂಗಿ ಅರಗಿಸುವ ಒಳಚೀಲ ಒಂದಿದೆ, ಎಂಡೋಸೋಮ್ ಅಂತ. ಅದರೊಳಗೆ ಇರುತ್ತದೆ. ಮೊದಮೊದಲು ಎಲ್ಲರೂ ಹೇಳಿದ್ದು ಇದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಮಾತ್ರ ಹಿಡಿಯುತ್ತದೆ, ಅದರ ಅಕ್ಷರಜೋಡಣೆಯೇ ಬೇರೆ ಅಂತ. ಅದರಲ್ಲಿ ನಿಜ ಇಲ್ಲದಿಲ್ಲ. ಆದರೆ 2006ರಲ್ಲಿ ಗ್ರೆಗರಿ ಬಾರ್ಟನ್ ಮತ್ತು ರುಸ್ಲಾನ್ ಮೆಜಿಟೋವ್ ಒಂದು ಚಂದದ ಪ್ರಯೋಗ ಮಾಡಿದರು. ಟಿಎಲ್‌ಆರ್9 ಅನ್ನು ಒಳಚೀಲದಿಂದ ಕೋಶದ ಹೊರಮೈಗೆ ಸರಿಸಿದರು. ಆಗ ಅದು ನಮ್ಮಂಥ ಪ್ರಾಣಿಗಳ ಸ್ವಂತ ಡಿಎನ್‌ಎಗೂ ಎಚ್ಚೆತ್ತುಕೊಂಡಿತು. ಪ್ರೋಟೀನ್ ಅದೇ, ಜಾಗ ಮಾತ್ರ ಬೇರೆ.

ಒಳಚೀಲದಲ್ಲಿ ಇಟ್ಟರೆ ಏನು ಲಾಭ? ವೈರಸ್ ತನ್ನ ಡಿಎನ್‌ಎಯನ್ನು ಕವಚದೊಳಗೆ ಇಟ್ಟುಕೊಂಡು ಅಲ್ಲಿಯವರೆಗೂ ಬರಬಲ್ಲದು. ನಮ್ಮ ಸತ್ತ ಕೋಶದ ಡಿಎನ್‌ಎಗೆ ಕವಚ ಇಲ್ಲ. ರಕ್ತದಲ್ಲಿ, ಕೋಶಗಳ ನಡುವೆ ಅದನ್ನು ಕತ್ತರಿಸಿ ಹಾಕುವ ಡಿಎನ್‌ಏಸ್ ಕಿಣ್ವಗಳಿವೆ. ಚೀಲ ಸೇರುವ ಮೊದಲೇ ಅದು ಚೂರಾಗಿರುತ್ತದೆ.

ಕೋಶರಸದಲ್ಲಿ, ಅಂದರೆ ನ್ಯೂಕ್ಲಿಯಸ್ಸಿನ ಹೊರಗಿನ ತಿಳಿಯಲ್ಲಿ, ಇನ್ನೊಂದು ಪಹರೆ ಇದೆ. 2013ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಝಿಜಿಯಾನ್ ಜೇಮ್ಸ್ ಚೆನ್ ಅವರ ತಂಡ ಅದನ್ನು ಕಂಡುಹಿಡಿಯಿತು. ಹೆಸರು ಸಿಗ್ಯಾಸ್. ಕೋಶರಸದಲ್ಲಿ ಡಿಎನ್‌ಎ ಸಿಕ್ಕಿದರೆ ಸಿಗ್ಯಾಸ್ ಒಂದು ಪುಟ್ಟ ಸಂದೇಶದ ಅಣುವನ್ನು ತಯಾರಿಸುತ್ತದೆ. ಅದು ಸ್ಟಿಂಗ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸ್ಟಿಂಗ್ ಎಚ್ಚೆತ್ತರೆ ಕೋಶ ಇಂಟರ್‌ಫೆರಾನ್ ಸುರಿಸತೊಡಗುತ್ತದೆ. ಇಂಟರ್‌ಫೆರಾನ್ ಅಂದರೆ ಸುತ್ತಲಿನ ಕೋಶಗಳಿಗೆ ‘ವೈರಸ್ ಬಂದಿದೆ’ ಅಂತ ಹೇಳುವ ಪ್ರೋಟೀನ್. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಕಂಡುಹಿಡಿದದ್ದು.

ಇಲ್ಲಿ ಯಾರಾದರೂ ಕೇಳಬಹುದು, ಸಿಗ್ಯಾಸ್ ನ್ಯೂಕ್ಲಿಯಸ್ಸಿನೊಳಗೆ ಹೋದರೆ ಗತಿ ಏನು, ಅಲ್ಲಿ ತುಂಬಾ ಡಿಎನ್‌ಎಯೇ ಇದೆಯಲ್ಲ ಅಂತ. ಒಳ್ಳೆಯ ಪ್ರಶ್ನೆ. ಅದು ನಿಜಕ್ಕೂ ಒಳಗೆ ಹೋಗುತ್ತದೆ. 2020ರಲ್ಲಿ ಹಲವು ತಂಡಗಳು ಒಟ್ಟೊಟ್ಟಿಗೆ ತೋರಿಸಿದ್ದು ಹೀಗೆ. ನಮ್ಮ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್ ಉಂಡೆಗಳಿಗೆ ಸಿಗ್ಯಾಸ್ ಕಚ್ಚಿಕೊಂಡುಬಿಡುತ್ತದೆ. ಕಚ್ಚಿಕೊಂಡ ಭಂಗಿಯಲ್ಲಿ ಅದಕ್ಕೆ ಕೆಲಸ ಮಾಡಲು ಆಗುವುದಿಲ್ಲ.

ಆರ್‌ಎನ್‌ಎ ವಿಷಯದಲ್ಲಿ ದೇಹ ಜಾಗದ ಜೊತೆಗೆ ಗುರುತನ್ನೂ ನೋಡುತ್ತದೆ. ನಮ್ಮ ಆರ್‌ಎನ್‌ಎಯಲ್ಲಿ ಅಲ್ಲಲ್ಲಿ ಸಣ್ಣ ರಾಸಾಯನಿಕ ಬದಲಾವಣೆಗಳಿವೆ. ಅವು ಇದ್ದರೆ ಪಹರೆಯವರು ಸುಮ್ಮನಿರುತ್ತಾರೆ. 2005ರಲ್ಲಿ ಕಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಇದನ್ನು ತೋರಿಸಿದರು. ಕೋವಿಡ್ಡಿನ ಎಂಆರ್‌ಎನ್‌ಎ ಲಸಿಕೆ ಸಾಧ್ಯವಾದದ್ದು ಈ ತಿಳಿವಳಿಕೆಯಿಂದ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಚರ್ಮಕ್ಕೆ ಬರೋಣ.

ಸೋರಿಯಾಸಿಸ್ಸಿನಲ್ಲಿ ಒಂದು ಹಳೆಯ ಒಗಟಿದೆ. ಗಾಯ ಆದಲ್ಲೇ ಹೊಸ ಕಲೆ ಏಳುತ್ತದೆ. 19ನೆಯ ಶತಮಾನದ ಜರ್ಮನ್ ವೈದ್ಯ ಹೈನ್‌ರಿಕ್ ಕೋಬ್ನರ್ ಬ್ರೆಸ್ಲಾವ್‌ನಲ್ಲಿ ಇದನ್ನು ವರದಿ ಮಾಡಿದರು. ಆ ಊರು ಈಗ ಪೋಲೆಂಡಿನ ವ್ರೊತ್ಸ್ವಾಫ್. ಅವರ ರೋಗಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಗೆರೆಗಳ ಮೇಲೆ ಸೋರಿಯಾಸಿಸ್ ಎದ್ದಿತ್ತು. ಇವತ್ತಿಗೂ ಅದಕ್ಕೆ ಕೋಬ್ನರ್ ಲಕ್ಷಣ ಅಂತಲೇ ಹೆಸರು. ನಮ್ಮಲ್ಲಿ ಸೀರೆ ಲಂಗದ ಲಾಡಿ, ಬೆಲ್ಟು ಒತ್ತುವ ಜಾಗದಲ್ಲಿ ಕಲೆ ಕಾಣಿಸಿಕೊಳ್ಳುವುದು ಚರ್ಮದ ವೈದ್ಯರಿಗೆ ಹೊಸದಲ್ಲ. ಗಾಯ ಎಲ್ಲರಿಗೂ ಆಗುತ್ತದೆ. ಇವರಿಗೆ ಮಾತ್ರ ಅದು ಯಾಕೆ ಮಾಯುವ ಬದಲು ರೋಗವಾಗುತ್ತದೆ?

ಇದಕ್ಕೆ ಉತ್ತರ ಸಿಗತೊಡಗಿದ್ದು ಒಂದು ಅಪರೂಪದ ಕೋಶದಿಂದ. ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶ ಅಂತ ಬಾಯಿಗೆ ಬಾರದ ಹೆಸರು. ಪಿಡಿಸಿ ಅನ್ನೋಣ. ರಕ್ತದ ಬಿಳಿ ಕಣಗಳಲ್ಲಿ ಇದು ನೂರಕ್ಕೆ ಒಂದೂ ಇಲ್ಲ. ಆದರೆ ಇಂಟರ್‌ಫೆರಾನ್ ಸುರಿಸುವುದರಲ್ಲಿ ಬೇರೆ ಯಾವ ಕೋಶವೂ ಇದರ ಹತ್ತಿರ ಬರುವುದಿಲ್ಲ. ಇದರೊಳಗೆ ಟಿಎಲ್‌ಆರ್7 ಮತ್ತು ಟಿಎಲ್‌ಆರ್9 ತುಂಬಿವೆ. ಒಂದು ಆರ್‌ಎನ್‌ಎಗೆ, ಇನ್ನೊಂದು ಡಿಎನ್‌ಎಗೆ. ಆರೋಗ್ಯವಂತ ಚರ್ಮದಲ್ಲಿ ಪಿಡಿಸಿ ಕಾಣುವುದೇ ಅಪರೂಪ. ಸೋರಿಯಾಸಿಸ್ ಚರ್ಮದಲ್ಲಿ ಇರುತ್ತವೆ. 2005ರಲ್ಲಿ ಫ್ರಾಂಕ್ ನೆಸ್ಲೆ, ಮಿಶೆಲ್ ಜಿಲಿಯೆ ಮತ್ತಿತರರು ರೋಗಿಗಳ ಕಲೆಯಿಲ್ಲದ ಚರ್ಮವನ್ನು ಇಲಿಗಳಿಗೆ ಕಸಿ ಮಾಡಿದರು. ಅದು ತಾನಾಗಿ ಸೋರಿಯಾಸಿಸ್ ಆಯಿತು. ಪಿಡಿಸಿಯಿಂದ ಬರುವ ಇಂಟರ್‌ಫೆರಾನನ್ನು ತಡೆದಾಗ ಆಗಲಿಲ್ಲ.

ಸರಿ, ಪಿಡಿಸಿಯನ್ನು ಕೆರಳಿಸಿದ್ದು ಯಾವುದು? ವೈರಸ್ ಏನೂ ಇರಲಿಲ್ಲ. ಹ್ಯೂಸ್ಟನ್‌ನಲ್ಲಿ ಜಿಲಿಯೆ ತಂಡ, ರಾಬರ್ಟೊ ಲಾಂಡೆ ಮೊದಲ ಲೇಖಕರಾಗಿ, 2007ರಲ್ಲಿ ಉತ್ತರ ಕೊಟ್ಟಿತು. ಸೋರಿಯಾಸಿಸ್ ಹಕ್ಕಳೆಯ ಸಾರ ತೆಗೆದು, ಭಾಗ ಭಾಗ ಮಾಡಿ, ಯಾವ ಭಾಗ ಪಿಡಿಸಿಯನ್ನು ಎಬ್ಬಿಸುತ್ತದೆ ಅಂತ ನೋಡುತ್ತಾ ಹೋದರು. ಸಿಕ್ಕಿದ್ದು ಎಲ್‌ಎಲ್-37. ಇದು ನಮ್ಮ ಚರ್ಮವೇ ತಯಾರಿಸುವ ಪುಟ್ಟ ಪ್ರೋಟೀನ್ ತುಣುಕು, 37 ಅಮೈನೋ ಆಮ್ಲಗಳದ್ದು. ಗಾಯ ಆದಾಗ ಹೆಚ್ಚುತ್ತದೆ. ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಒಳ್ಳೆಯ ಕೆಲಸವೇ. ಸೋರಿಯಾಸಿಸ್ ಚರ್ಮದಲ್ಲಿ ಇದು ಧಾರಾಳ. ಎಕ್ಸಿಮಾ, ಅಂದರೆ ಇಸುಬು ಇರುವ ಚರ್ಮದಲ್ಲಿ ಕಡಿಮೆ ಅಂತ 2002ರಲ್ಲೇ ತೋರಿಸಿದ್ದರು. ಎಕ್ಸಿಮಾ ಆದ ಮಗುವಿನ ಚರ್ಮ ಆಗಾಗ ಕೀವು ಕಟ್ಟುತ್ತದೆ, ಸೋರಿಯಾಸಿಸ್ ಅಷ್ಟೆಲ್ಲ ಬಿರುಕು ಬಿಟ್ಟರೂ ಕೀವಾಗುವುದು ಅಪರೂಪ. ಅದಕ್ಕೆ ಇದೊಂದು ಕಾರಣ.

ಎಲ್‌ಎಲ್-37ಕ್ಕೆ ಧನ ವಿದ್ಯುದಾವೇಶ. ಡಿಎನ್‌ಎಗೆ ಋಣ. ಎರಡೂ ಕಂಡ ತಕ್ಷಣ ಅಂಟಿಕೊಳ್ಳುತ್ತವೆ. ಅಂಟಿಕೊಂಡು ಗಟ್ಟಿ ಕಣವಾಗುತ್ತವೆ. ಆಗ ಎರಡು ಅನಾಹುತ ಒಟ್ಟಿಗೆ ಆಗುತ್ತವೆ. ಡಿಎನ್‌ಏಸ್ ಕಿಣ್ವಕ್ಕೆ ಅದನ್ನು ಸುಲಭವಾಗಿ ಕತ್ತರಿಸಲು ಆಗುವುದಿಲ್ಲ. ಪಿಡಿಸಿ ಅದನ್ನು ನುಂಗಿ ಸೀದಾ ಎಂಡೋಸೋಮ್ ಚೀಲದೊಳಗೆ ಇಟ್ಟುಕೊಳ್ಳುತ್ತದೆ. ವೈರಸ್ಸಿಗೆ ಕವಚ ಮಾಡುವ ಉಪಕಾರವನ್ನು ಇಲ್ಲಿ ನಮ್ಮದೇ ಪ್ರೋಟೀನು ನಮ್ಮದೇ ಡಿಎನ್‌ಎಗೆ ಮಾಡಿತು. ಟಿಎಲ್‌ಆರ್9 ಎಚ್ಚೆತ್ತಿತು, ಇಂಟರ್‌ಫೆರಾನ್ ಸುರಿಯಿತು.

ಎರಡು ವರ್ಷದ ನಂತರ ಅದೇ ಗುಂಪು ಆರ್‌ಎನ್‌ಎ ಜೊತೆಗೂ ಇದೇ ಕಥೆ ನಡೆಯುತ್ತದೆ ಅಂತ ತೋರಿಸಿತು. ಆ ಲೇಖನದ ಮೊದಲ ಲೇಖಕರು ದೀಪ್ಯಮಾನ್ ಗಂಗೂಲಿ, ನಂತರ ಕೋಲ್ಕತ್ತದ ಸಿಎಸ್‌ಐಆರ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಆರ್‌ಎನ್‌ಎ ಕಣಗಳು ಪಿಡಿಸಿಯಲ್ಲಿ ಟಿಎಲ್‌ಆರ್7 ಅನ್ನು, ಬೇರೊಂದು ಬಗೆಯ ಡೆಂಡ್ರಿಟಿಕ್ ಕೋಶದಲ್ಲಿ ಟಿಎಲ್‌ಆರ್8 ಅನ್ನು ಎಬ್ಬಿಸುತ್ತವೆ. 2015ರಲ್ಲಿ ಲಾಸ್ ಏಂಜಲೀಸ್‌ನ ಜೆರಾರ್ಡ್ ವಾಂಗ್ ತಂಡ ಕಣದ ಒಳರಚನೆಯನ್ನೇ ಅಳೆಯಿತು. ಡಿಎನ್‌ಎ ಎಳೆಗಳು ಸಾಲುಸಾಲಾಗಿ, ಸುಮಾರು 3.5 ನ್ಯಾನೋಮೀಟರ್ ಅಂತರದಲ್ಲಿ ನಿಂತಿರುತ್ತವೆ. ಆ ಅಂತರ ಟಿಎಲ್‌ಆರ್9ಗೆ ಸರಿಯಾಗಿ ಹೊಂದುತ್ತದೆ. ಹಾಗಾಗಿ ಒಂದೇ ಕಣಕ್ಕೆ ಹಲವು ಟಿಎಲ್‌ಆರ್9ಗಳು ಒಟ್ಟಿಗೆ ಅಂಟಿಕೊಳ್ಳುತ್ತವೆ. ನನಗೆ ಈ ಲೇಖನ ಬಹಳ ಇಷ್ಟ. ರೋಗವೊಂದರ ಕಾರಣ ಹುಡುಕುತ್ತಾ ಹೋಗಿ ಜ್ಯಾಮಿತಿಗೆ ಬಂದು ನಿಲ್ಲುವುದು ದಿನವೂ ನಡೆಯುವುದಿಲ್ಲ.

ಇದೆಲ್ಲ ಪ್ರಯೋಗಾಲಯದ ಮಾತಾಯಿತು, ಮನುಷ್ಯರಲ್ಲಿ ಪುರಾವೆ ಇದೆಯಾ? ಇದೆ, ಅದೂ ಬೇಡದ ರೀತಿಯಲ್ಲಿ ಸಿಕ್ಕಿದ್ದು. ಇಮಿಕ್ವಿಮೋಡ್ ಅಂತ ಒಂದು ಮುಲಾಮಿದೆ. 1997ರಲ್ಲಿ ಅಮೆರಿಕದಲ್ಲಿ ಜನನಾಂಗದ ನರುಳ್ಳೆಗೆ ಅನುಮತಿ ಸಿಕ್ಕಿತು. ಅದು ಕೆಲಸ ಮಾಡುವುದು ಟಿಎಲ್‌ಆರ್7 ಮೂಲಕ ಅಂತ ತಿಳಿದದ್ದು 2002ರಲ್ಲಿ. ಸೋರಿಯಾಸಿಸ್ ಇರುವವರಿಗೆ ಅದನ್ನು ಹಚ್ಚಿದಾಗ ರೋಗ ಭುಗಿಲೆದ್ದದ್ದನ್ನು 2004ರಲ್ಲಿ ಜಿಲಿಯೆ ಮತ್ತು ಸಂಗಡಿಗರು ವರದಿ ಮಾಡಿದರು. 2009ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಇಲಿಯ ಬೆನ್ನು ಬೋಳಿಸಿ ಅದೇ ಮುಲಾಮು ದಿನವೂ ಹಚ್ಚಿದರು. ಒಂದು ವಾರದೊಳಗೆ ಸೋರಿಯಾಸಿಸ್‌ನಂಥ ಚರ್ಮ. ಆಮೇಲೆ ಜಗತ್ತಿನ ಸೋರಿಯಾಸಿಸ್ ಪ್ರಯೋಗಾಲಯಗಳೆಲ್ಲ ಇದನ್ನೇ ಹಿಡಿದುಕೊಂಡವು. ಸುಲಭ, ಬೇಗ ಮುಗಿಯುತ್ತದೆ, ಅಗ್ಗ. ಸ್ವಲ್ಪ ಜಾಸ್ತಿಯೇ ಹಿಡಿದುಕೊಂಡವು ಅಂತ ನನ್ನ ಅನಿಸಿಕೆ. ಆ ಮುಲಾಮಿನಲ್ಲಿ ಇರುವ ಐಸೋಸ್ಟಿಯರಿಕ್ ಆಮ್ಲ ಟಿಎಲ್‌ಆರ್7 ಇಲ್ಲದೆಯೂ ಉರಿಯೂತ ಎಬ್ಬಿಸುತ್ತದೆ ಅಂತ 2013ರಲ್ಲಿ ತಿಳಿದಿದೆ. ಅದಲ್ಲದೆ ಒಂದು ವಾರದ ಇಲಿಯ ಕೆಂಪು ಬೆನ್ನು, 20 ವರ್ಷದಿಂದ ರೋಗ ಹೊತ್ತ ಮನುಷ್ಯನ ಚರ್ಮ, ಎರಡೂ ಒಂದೇ ಅಲ್ಲ ಅಲ್ವಾ.

ಇನ್ನೆರಡು ಸುಳಿವು. ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ ಕೆಲವು ರೋಗಿಗಳಿಗೆ ಸೋರಿಯಾಸಿಸ್ ಬರುತ್ತಿತ್ತು, ಇದ್ದದ್ದು ಹೆಚ್ಚುತ್ತಿತ್ತು. ಇನ್ನೊಂದು ಇನ್ನೂ ತಮಾಷೆಯದು. ಟಿಎನ್‌ಎಫ್ ಅಂದರೆ ಉರಿಯೂತ ಹೆಚ್ಚಿಸುವ ಒಂದು ಸಂದೇಶದ ಪ್ರೋಟೀನ್. ಟಿಎನ್‌ಎಫ್ ತಡೆಯುವ ಔಷಧಗಳು ಸೋರಿಯಾಸಿಸ್ಸಿಗೆ ಒಳ್ಳೆಯ ಮದ್ದು. ಆದರೆ ಅದೇ ಔಷಧ ತೆಗೆದುಕೊಂಡ ಕೆಲವರಲ್ಲಿ ಹೊಸದಾಗಿ ಸೋರಿಯಾಸಿಸ್ ಥರದ ಕಲೆ ಏಳುತ್ತದೆ. ಪಿಡಿಸಿಗಳನ್ನು ಹದ್ದುಬಸ್ತಿನಲ್ಲಿ ಇಡುವುದರಲ್ಲಿ ಟಿಎನ್‌ಎಫ್‌ಗೂ ಪಾಲಿದೆ. ಅದನ್ನು ತಡೆದರೆ ಪಿಡಿಸಿ ಇಂಟರ್‌ಫೆರಾನ್ ಸುರಿಸುತ್ತಾ ಹೋಗುತ್ತದೆ. ಇದನ್ನು 2018ರಲ್ಲಿ ವಿವರಿಸಿದರು.

ಹಾಗಾದರೆ ಇಂಟರ್‌ಫೆರಾನ್ ತಡೆದರೆ ಸೋರಿಯಾಸಿಸ್ ವಾಸಿಯಾಗಬೇಕು. ಆಗಲಿಲ್ಲ. ಇಂಟರ್‌ಫೆರಾನ್ ಆಲ್ಫಾವನ್ನು ಕಟ್ಟಿಹಾಕುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟು ನೋಡಿದರು, 2010ರಲ್ಲಿ ಫಲಿತಾಂಶ ಬಂತು, ಪ್ರಯೋಜನ ಕಾಣಲಿಲ್ಲ. ಈ ಸೋಲು ಮುಖ್ಯ. ಇಂಟರ್‌ಫೆರಾನ್ ರೋಗವನ್ನು ಶುರು ಮಾಡುತ್ತದೆ, ನಡೆಸುವುದಿಲ್ಲ. ಒಮ್ಮೆ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ಕಣಗಳು ಚರ್ಮದಲ್ಲಿ ನೆಲೆಯೂರಿದ ಮೇಲೆ ರೋಗ ಐಎಲ್-23, ಐಎಲ್-17 ಎಂಬ ಸಂದೇಶಗಳ ಮೇಲೆ ತಾನೇ ಓಡುತ್ತದೆ. ಇವತ್ತಿನ ಒಳ್ಳೆಯ ಸೋರಿಯಾಸಿಸ್ ಚುಚ್ಚುಮದ್ದುಗಳು ತಡೆಯುವುದು ಅವನ್ನೇ.

ಕಥೆ ಇನ್ನೂ ಸಿಕ್ಕಾಗಿದೆ. ಚರ್ಮದ ಮೇಲ್ಪದರದ ಕೋಶಗಳೊಳಗೆ ಎಐಎಂ2 ಎಂಬ ಇನ್ನೊಂದು ಡಿಎನ್‌ಎ ಪಹರೆ ಇದೆ. 2011ರಲ್ಲಿ ಮ್ಯೂನಿಕ್‌ನ ತಂಡವೊಂದು ತೋರಿಸಿದ್ದೇನೆಂದರೆ, ಅಲ್ಲಿ ಎಲ್‌ಎಲ್-37 ಡಿಎನ್‌ಎಗೆ ಅಂಟಿ ಎಐಎಂ2 ಅನ್ನು ಸುಮ್ಮನಾಗಿಸುತ್ತದೆ. ಪಿಡಿಸಿಯಲ್ಲಿ ಬೆಂಕಿ ಹಚ್ಚುವ ಅದೇ ಅಣು ಇಲ್ಲಿ ಬೆಂಕಿ ಆರಿಸುತ್ತದೆ. ವಿಟಮಿನ್ ಡಿ ಥರದ ಮುಲಾಮು ಎಲ್‌ಎಲ್-37 ಅನ್ನು ಹೆಚ್ಚಿಸಿದರೂ ಸೋರಿಯಾಸಿಸ್ಸಿಗೆ ಯಾಕೆ ಒಳ್ಳೆಯದು ಅನ್ನುವುದಕ್ಕೆ ಅವರು ಕೊಟ್ಟ ವಿವರಣೆ ಇದು. ಮತ್ತೆ ಅದೇ ಮಾತು: ಯಾವ ಅಣು ಅನ್ನುವುದಕ್ಕಿಂತ ಯಾವ ಕೋಶದ ಯಾವ ಮೂಲೆಯಲ್ಲಿ ಅನ್ನುವುದು.

ಲೂಪಸ್ ಬಗ್ಗೆ ಹೇಳಬೇಕು. ಕೆನ್ನೆಯ ಮೇಲೆ, ಮೂಗಿನ ಸೇತುವೆ ಮೇಲೆ ಕೆಂಪಾಗುವ ರೋಗ. ಕೀಲು, ಕಿಡ್ನಿ ಎಲ್ಲಕ್ಕೂ ತೊಂದರೆ ಕೊಡಬಹುದು. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು. ಟಿಎಲ್‌ಆರ್7 ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿನಲ್ಲಿ ಎರಡು ಎಕ್ಸ್, ಒಂದು ಸುಮ್ಮನಿರಬೇಕು. ಆದರೆ ಕೆಲವು ಕೋಶಗಳಲ್ಲಿ ಸುಮ್ಮನಿರಬೇಕಾದ ಎಕ್ಸ್‌ನಿಂದಲೂ ಟಿಎಲ್‌ಆರ್7 ತಯಾರಾಗುತ್ತದೆ ಅಂತ 2018ರಲ್ಲಿ ತೋರಿಸಿದರು. 2022ರಲ್ಲಿ ಸ್ಪೇನಿನ ಒಬ್ಬ ಹುಡುಗಿಯ ಲೂಪಸ್ ಟಿಎಲ್‌ಆರ್7 ಜೀನಿನ ಒಂದೇ ಅಕ್ಷರದ ಬದಲಾವಣೆಯಿಂದ ಬಂದದ್ದು ಅಂತ ಗೊತ್ತಾಯಿತು. ಇಲಿಗೆ ಅದೇ ಬದಲಾವಣೆ ಮಾಡಿದರೆ ಇಲಿಗೂ ಲೂಪಸ್.

ಲೂಪಸ್ ಇರುವವರಿಗೆ ಬಿಸಿಲು ಆಗದು. ಕಾರಣ ಈಗ ಸ್ವಲ್ಪ ಸ್ಪಷ್ಟವಾಗಿದೆ. ಕೋಶರಸದಲ್ಲಿ ತಪ್ಪಿ ಬಿದ್ದ ಡಿಎನ್‌ಎಯನ್ನು ತಿಂದುಹಾಕುವ ಟ್ರೆಕ್ಸ್1 ಎಂಬ ಕಿಣ್ವವಿದೆ. ನೇರಳಾತೀತ ಕಿರಣ ಬಿದ್ದ ಡಿಎನ್‌ಎ ರಾಸಾಯನಿಕವಾಗಿ ಬದಲಾಗುತ್ತದೆ, ಅದನ್ನು ಟ್ರೆಕ್ಸ್1 ಸರಿಯಾಗಿ ತಿನ್ನಲಾರದು. 2013ರಲ್ಲಿ ಜರ್ಮನಿಯ ಬಾನ್‌ನಿಂದ ಬಂದ ಫಲಿತಾಂಶ ಇದು. ಉಳಿದ ಚೂರು ಸಿಗ್ಯಾಸ್ ಕೈಗೆ ಸಿಗುತ್ತದೆ.

ಟ್ರೆಕ್ಸ್1 ಹುಟ್ಟಿನಿಂದಲೇ ಕೆಟ್ಟಿದ್ದರೆ? ಅಂಥ ಕುಟುಂಬಗಳಿವೆ. ಚಳಿ ಬಂದರೆ ಬೆರಳು, ಕಿವಿ, ಮೂಗಿನ ತುದಿ ನೀಲಿಗೆಂಪಾಗಿ ಹುಣ್ಣಾಗುತ್ತವೆ. ಇನ್ನು ಕೆಲವು ಮಕ್ಕಳಲ್ಲಿ ಸ್ಟಿಂಗ್ ಪ್ರೋಟೀನೇ ಸದಾ ಎಚ್ಚರ. ಡಿಎನ್‌ಎ ಸಿಗಲಿ ಬಿಡಲಿ, ಇಂಟರ್‌ಫೆರಾನ್ ನಿಲ್ಲುವುದಿಲ್ಲ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು ಇಂಥ ಆರು ಮಕ್ಕಳನ್ನು ವಿವರಿಸಿದರು. ಬಹಳ ಕಷ್ಟದ ರೋಗ, ಬೆರಳ ತುದಿಯೇ ಹೋಗಬಹುದು, ಶ್ವಾಸಕೋಶವೂ ಕೆಡುತ್ತದೆ. ಲಕ್ಷದಲ್ಲಿ ಒಬ್ಬರಿಗೂ ಇಲ್ಲದ ಈ ರೋಗಗಳನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇವು ಅನುಮಾನಕ್ಕೆ ಜಾಗ ಬಿಡುವುದಿಲ್ಲ. ಒಂದು ಕಿಣ್ವ ಕೆಟ್ಟರೆ ಸಾಕು, ಸ್ವಂತ ಡಿಎನ್‌ಎಯಿಂದಲೇ ಚರ್ಮ ಕೆಡುತ್ತದೆ.

ಔಷಧದ ಮಾತು. ಲೂಪಸ್‌ಗೆ ಇವತ್ತಿಗೂ ಮೊದಲ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಕೋವಿಡ್ ಕಾಲದಲ್ಲಿ ಅಂಗಡಿಯಲ್ಲಿ ಸಿಗದೆ ಲೂಪಸ್ ರೋಗಿಗಳು ಪರದಾಡಿದ ಆ ಮಾತ್ರೆಯೇ. ಇದು ಮಲೇರಿಯಾ ಮದ್ದು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಮಲೇರಿಯಾ ತಡೆಯಲು ಇದೇ ಬಗೆಯ ಮೆಪಾಕ್ರಿನ್ ಕೊಡುತ್ತಿದ್ದರು. ಕೆಲವರ ಚರ್ಮದ ಕಲೆ, ಕೀಲುನೋವು ಅದರಿಂದ ಕಡಿಮೆಯಾದದ್ದು ಕಂಡಿತು. 1951ರಲ್ಲಿ ಪೇಜ್ ಎಂಬ ವೈದ್ಯರು ಲೂಪಸ್‌ಗೆ ಅದನ್ನು ಕೊಟ್ಟ ಅನುಭವವನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದರು. ಯಾಕೆ ಕೆಲಸ ಮಾಡುತ್ತದೆ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಈ ಮದ್ದುಗಳು ಎಂಡೋಸೋಮ್ ಚೀಲದಲ್ಲಿ ಶೇಖರವಾಗಿ ಅದರ ಹುಳಿಯನ್ನು ತಗ್ಗಿಸುತ್ತವೆ, ಡಿಎನ್‌ಎ ಆರ್‌ಎನ್‌ಎಗೂ ಅಂಟುತ್ತವೆ. ಟಿಎಲ್‌ಆರ್7, 9 ಕೆಲಸ ಮಾಡುವುದು ಅಲ್ಲೇ. ಟಿಎಲ್‌ಆರ್ ಎಂಬ ಹೆಸರೇ ಹುಟ್ಟುವ ಮೊದಲಿನಿಂದ ವೈದ್ಯರು ಟಿಎಲ್‌ಆರ್ ತಡೆಯುತ್ತಿದ್ದರು ಅನ್ನಿ.

ಆದರೆ ಇದೇ ಮಲೇರಿಯಾ ಮದ್ದು ಸೋರಿಯಾಸಿಸ್ಸನ್ನು ಕೆಲವರಲ್ಲಿ ಹೆಚ್ಚಿಸುತ್ತದೆ. ವೈದ್ಯರು ಕೇಳಿಯೇ ಕೊಡುತ್ತಾರೆ, ನೀವೂ ಮರೆಯದೆ ಹೇಳಿ. ಕಾಗದದ ಮೇಲೆ ಎರಡು ರೋಗಕ್ಕೂ ಒಂದೇ ದಾರಿ ಕಾಣುತ್ತದೆ, ರೋಗಿಯ ಚರ್ಮದ ಮೇಲೆ ಹಾಗಿಲ್ಲ.

ಹೊಸ ಔಷಧಗಳಲ್ಲಿ ಮೂರನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಇಂಟರ್‌ಫೆರಾನ್ ಅಂಟುವ ಗ್ರಾಹಕವನ್ನೇ ಮುಚ್ಚುವ ಅನಿಫ್ರೊಲುಮ್ಯಾಬ್‌ಗೆ ಲೂಪಸ್‌ಗಾಗಿ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸೋರಿಯಾಸಿಸ್ಸಿನಲ್ಲಿ ಸೋತ ದಾರಿ ಲೂಪಸ್ಸಿನಲ್ಲಿ ಗೆದ್ದಿತು. ಅಲ್ಲಿ ಇಂಟರ್‌ಫೆರಾನ್ ಶುರು ಮಾಡಿ ಬಿಡುವುದಿಲ್ಲ, ಉದ್ದಕ್ಕೂ ಇರುತ್ತದೆ. ಪಿಡಿಸಿಗಳನ್ನೇ ಸುಮ್ಮನಾಗಿಸುವ ಲಿಟಿಫಿಲಿಮ್ಯಾಬ್ ಚರ್ಮದ ಲೂಪಸ್‌ನಲ್ಲಿ 2022ರ ಪರೀಕ್ಷೆಯಲ್ಲಿ ಆಶೆ ಹುಟ್ಟಿಸಿತು. ಸೋರಿಯಾಸಿಸ್ಸಿಗೆ ಅದೇ ವರ್ಷ ಬಂದ ಡ್ಯೂಕ್ರವಸಿಟಿನಿಬ್ ಮಾತ್ರೆ ತಡೆಯುವುದು ಟಿವೈಕೆ2 ಎಂಬ ಕಿಣ್ವವನ್ನು. ಇಂಟರ್‌ಫೆರಾನ್ ಸಂದೇಶವೂ ಐಎಲ್-23 ಸಂದೇಶವೂ ಅದರ ಮೂಲಕವೇ ಹೋಗುತ್ತವೆ.

ಪ್ರಶ್ನೆಗಳಿಗೆ ಬರೋಣ.

ಮೊದಲು ಕೇಳಿದ್ದು ಒಬ್ಬ ತಾಯಿ: ‘ಡಾಕ್ಟ್ರೇ, ಮಗನಿಗೆ ಬದನೆಕಾಯಿ ನಂಜು ಅಂತ ಅತ್ತೆ ಬಿಡಿಸಿದಾರೆ. ಬಿಡಬೇಕಾ?’ ಬದನೆಕಾಯಿಯಿಂದ ಸೋರಿಯಾಸಿಸ್ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ತೂಕ ಹೆಚ್ಚಿದ್ದರೆ ಇಳಿಸುವುದರಿಂದ, ಬೀಡಿ ಸಿಗರೇಟು, ಕುಡಿತ ಬಿಡುವುದರಿಂದ ಉಪಯೋಗ ಇದೆ. ಮಕ್ಕಳಲ್ಲಿ ಗಂಟಲು ಸೋಂಕಿನ ನಂತರ ಮೈತುಂಬ ಹನಿಹನಿಯಾಗಿ ಸೋರಿಯಾಸಿಸ್ ಏಳುವುದುಂಟು. ಹಾಗಾಗಿ ತಟ್ಟೆಗಿಂತ ಗಂಟಲು ನೋಡಿ. ಅತ್ತೆಯವರ ಜೊತೆ ಜಗಳ ಬೇಡ, ಸಾಂಬಾರಿಗೆ ಬೇರೆ ತರಕಾರಿಯೂ ಇದೆ.

‘ಅಂಟುತ್ತಾ?’ ಅಂತ ಹಿಂದಿನ ಸಾಲಿನಿಂದ. ಇಲ್ಲ. ಅವರದೇ ಡಿಎನ್‌ಎ, ಅವರದೇ ಪ್ರೋಟೀನು. ಒಂದೇ ಟವೆಲ್ಲು ಬಳಸಿದರೂ ಅಂಟುವುದಿಲ್ಲ. ಮದುವೆ ಮಾತುಕತೆಯಲ್ಲಿ ಈ ಪ್ರಶ್ನೆ ಬಂದರೆ ಇದೇ ಉತ್ತರ ಕೊಡಿ.

ಒಬ್ಬರು ಚುರುಕಾಗಿ ಕೇಳಿದರು: ‘ನಮ್ಮ ಅತ್ತಿಗೆಗೆ ಲೂಪಸ್, ಬಿಸಿಲಿಗೆ ಹೋಗಬೇಡಿ ಅಂತಾರೆ. ಚಿಕ್ಕಪ್ಪನಿಗೆ ಸೋರಿಯಾಸಿಸ್, ಲೈಟ್ ಕೊಡಿಸಿ ಅಂತಾರೆ. ಎರಡೂ ನೇರಳಾತೀತವೇ ಅಲ್ವಾ?’ ಹೌದು. ಸೋರಿಯಾಸಿಸ್ಸಿಗೆ ಕೊಡುವುದು ಹೆಚ್ಚಾಗಿ 311 ನ್ಯಾನೋಮೀಟರ್ ಸುತ್ತಲಿನ ಕಿರಣ, ಅಳತೆ ಮಾಡಿ. ಅದು ಚರ್ಮದಲ್ಲಿ ಬೀಡುಬಿಟ್ಟ ಟಿ ಕೋಶಗಳನ್ನು ಸಾಯಿಸುತ್ತದೆ. ಸತ್ತದ್ದನ್ನು ಚಿಕ್ಕಪ್ಪನ ದೇಹ ಬೇಗ ಗುಡಿಸಿಹಾಕುತ್ತದೆ. ಅತ್ತಿಗೆಯ ದೇಹದಲ್ಲಿ ಆ ಗುಡಿಸುವ ಕೆಲಸವೇ ನಿಧಾನ. ಅವರು ಛತ್ರಿ, ತುಂಬು ತೋಳು, ಸನ್‌ಸ್ಕ್ರೀನ್ ಬಿಡಬಾರದು.

ಮೆಡಿಕಲ್ ಶಾಪಿನ ಮುಲಾಮು ಬಗ್ಗೆ ಮೂವರು ಕೇಳಿದರು. ಚೀಟಿ ಇಲ್ಲದೆ ಕೊಡುವ ಮುಲಾಮುಗಳಲ್ಲಿ ಬಲವಾದ ಸ್ಟೆರಾಯ್ಡ್ ಇರುವುದು ನಮ್ಮಲ್ಲಿ ಮಾಮೂಲಿ. ಹಚ್ಚಿದಾಗ ಕಡಿಮೆಯಾಗುತ್ತದೆ, ಚರ್ಮ ತೆಳ್ಳಗಾಗುತ್ತದೆ. ಸ್ಟೆರಾಯ್ಡ್ ಮಾತ್ರೆ ಇನ್ನೂ ಅಪಾಯ. ತಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಕೀವುಗುಳ್ಳೆಯಾಗಿ ಮೈಯೆಲ್ಲ ಹರಡಿ ಆಸ್ಪತ್ರೆ ಸೇರುವಂತಾಗಬಹುದು. ಬಳಸುತ್ತಿದ್ದರೆ ನಾಳೆಯೇ ನಿಲ್ಲಿಸಬೇಡಿ, ಚರ್ಮದ ವೈದ್ಯರ ಹತ್ತಿರ ಹೋಗಿ ನಿಧಾನವಾಗಿ ಇಳಿಸಿಕೊಳ್ಳಿ.

ಕೊನೆಗೆ ಒಬ್ಬ ಕಾಲೇಜು ಹುಡುಗ: ‘ಸರ್, ಸೋರಿಯಾಸಿಸ್ ಇದೆ. ಟ್ಯಾಟೂ ಹಾಕಿಸಿಕೊಳ್ಳಬಹುದಾ?’ ಕೋಬ್ನರ್ ರೋಗಿಯನ್ನು ನೆನೆಸಿಕೊಳ್ಳಪ್ಪ. ಸೂಜಿ ಅಂದರೆ ಸಾವಿರಾರು ಪುಟ್ಟ ಗಾಯ, ಒಡೆದ ಕೋಶ, ಜೊತೆಗೆ ಎಲ್‌ಎಲ್-37. ಎಲ್ಲರಿಗೂ ಕಲೆ ಏಳುವುದಿಲ್ಲ, ಆದರೆ ಯಾರಿಗೆ ಏಳುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆ ಇಲ್ಲ. ರೋಗ ಕೆರಳಿರುವಾಗ ಅಂತೂ ಬೇಡವೇ ಬೇಡ. ಹಿಂದೆ ಗೀರಿದ ಜಾಗದಲ್ಲಿ ಕಲೆ ಎದ್ದಿದ್ದರೆ ಆ ಆಸೆ ಬಿಟ್ಟುಬಿಡು. ‘ಎರಡು ಸಲ ಎದ್ದಿದೆ ಸರ್’ ಅಂದ. ಹಾಗಾದರೆ ಟೀ ಶರ್ಟ್ ಮೇಲೆ ಬರೆಸಿಕೋ ಅಂದೆ.